ಎರಡು ಗುಂಡಿಯ ಪ್ರೆಸ್ಸು

ಚಂದ್ರಕಾಂತನಿಗೆ ಕಂಪ್ಯೂಟರಿನ ಹುಚ್ಚು ಹಿಡಿದದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಆ ವಯಸ್ಸಿನ ಗಂಡಸರಿಗೆ ಹಿಡಿಯುವ ಹುಚ್ಚುಗಳು ಬೇರೆಯೇ ಇರುತ್ತವೆ. ಇವನಿಗೆ ಇದು ಹಿಡಿಯಿತಲ್ಲ, ಭವಾನಿಯ ಪುಣ್ಯ ಎಂದು ಓಣಿಯ ಹೆಂಗಸರು ನಗುತ್ತಿದ್ದರು. ಭವಾನಿ ಅವನ ಹೆಂಡತಿ. ಅವಳಿಗೇನೂ ನಗು ಬರುತ್ತಿರಲಿಲ್ಲ.

ಚಂದ್ರಕಾಂತ ಭಾಲ್ಕಿಯ ಕಡೆಯವನು. ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ತಗಡು ಒತ್ತಿ ಫ್ಯಾನಿನ ಬಟ್ಟಲು ಮಾಡುವ ಪ್ರೆಸ್ ಮಷೀನು ನಡೆಸುತ್ತಿದ್ದ. ಎರಡು ಸಾವಿರದ ಇಸವಿಯಲ್ಲಿ ಊರಿಗೆ ಊರೇ ಸಾಫ್ಟ್‌ವೇರ್ ಜಪ ಮಾಡುತ್ತಿದ್ದಾಗ ಮಾಲೀಕನಿಗೂ ಜ್ಞಾನೋದಯವಾಯಿತು. ದೀಪಾವಳಿಗೆ ಕಾರ್ಖಾನೆ ಮುಚ್ಚಿ ಜಾಗ ಮಾರುತ್ತೇನೆ, ನಿಮ್ಮ ನಿಮ್ಮ ದಾರಿ ನೋಡಿಕೊಳ್ಳಿ ಎಂದುಬಿಟ್ಟ. ಉಳಿದವರು ಬೇರೆ ಪ್ರೆಸ್ಸು ಹುಡುಕಿದರು. ಚಂದ್ರಕಾಂತ ಮಾತ್ರ ಅಮೀರ್‌ಪೇಟೆಗೆ ಹೋಗಿ, ಗೋಡೆಯ ತುಂಬ ಬೋರ್ಡು ನೇತುಹಾಕಿದ್ದ ಒಂದು ಸಂಸ್ಥೆಯಲ್ಲಿ ಚಿತ್ರ ಕುಣಿಸುವ ವೆಬ್ ಪುಟಗಳ ಕೋರ್ಸಿಗೆ ಸೇರಿದ. ಶಾಲೆಯಲ್ಲಿ ಚಿತ್ರ ಚೆನ್ನಾಗಿ ಬರೆಯುತ್ತಿದ್ದನಂತೆ. ಅಷ್ಟೇ ಬಂಡವಾಳ.

"ಹುಡುಗರ ಜೋಡಿ ಕುಂತು ಏನು ಕಲೀತೀರಿ? ತಲಿ ನೆಟ್ಟಗೈತಿಲ್ಲೋ?" ಎಂದು ಭವಾನಿ ಕೇಳಿದಳು.

"ಕೈಯಾಗ ಮಾಡೂದು ಬಿಟ್ಟು ಇನ್ನೇನೂ ಬರೂದಿಲ್ಲ ನನಗ. ಇದೂ ಕೈಯಾಗ ಮಾಡೂದಽ," ಎಂದ ಅವನು.

ಅವನ ಬೆನ್ನಿಗಿದ್ದವನು ಅಂಬಣ್ಣ ಒಬ್ಬನೇ. ಅಂಬಣ್ಣ ಅದೇ ಕಾರ್ಖಾನೆಯ ಗೇಟು ಕಾಯುವವನು, ಪಕ್ಕದ ಮನೆಯವನು. ಹಿಂದೆ ಅವನೂ ಪ್ರೆಸ್ಸಿನವನೇ. ಆಗಿನ ಪ್ರೆಸ್ಸು ಕಾಲಿನಿಂದ ತುಳಿಯುವಂಥದ್ದು. ಒಂದು ದಿನ ಕಾಲು ಮುಂದಾಯಿತು, ಬಲಗೈ ತಗಡಿನ ಮೇಲೇ ಉಳಿಯಿತು. ಮಣಿಕಟ್ಟಿನವರೆಗೆ ಹೋಯಿತು. ಆಮೇಲೆ ಎಲ್ಲ ಪ್ರೆಸ್ಸುಗಳಿಗೂ ಆಚೆಗೊಂದು ಈಚೆಗೊಂದು ಗುಂಡಿ ಕೂರಿಸಿದರು. ಎರಡೂ ಕೈಗಳಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು; ಕೈ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಇರಲಾರದು. ಅದಾದ ಮೇಲೆ ಅಲ್ಲಿ ಯಾರ ಉಗುರೂ ಹೋಗಲಿಲ್ಲ.

ಭಾನುವಾರ ಇಬ್ಬರೂ ಇಂಟರ್ನೆಟ್ ಅಂಗಡಿಗೆ ಹೋಗುವರು. ಚಂದ್ರಕಾಂತ ವಾರವಿಡೀ ಕಲಿತದ್ದನ್ನು ಅಲ್ಲಿ ಮಾಡುವನು, ಅಂಬಣ್ಣ ಆಡಿ ನೋಡುವನು. ಮೊದಲು ಮಾಡಿದ್ದು ಚೆಂಡು. ಒತ್ತಿದರೆ ಮೇಲಿನಿಂದ ಬಿದ್ದು ಪುಟಿಯಬೇಕು. ಪ್ರತಿ ಪುಟಿತಕ್ಕೂ ವೇಗ ಒಂದಿಷ್ಟು ಕಡಿಮೆಯಾಗಬೇಕೆಂದು ಬರೆಯುವುದನ್ನೇ ಮಹಾನುಭಾವ ಮರೆತಿದ್ದ. ಚೆಂಡು ಪುಟಿಯಿತು, ಪುಟಿಯಿತು, ಚಹಾ ಕುಡಿದು ಬಂದರೂ ಪುಟಿಯುತ್ತಲೇ ಇತ್ತು.

"ಇದಕ್ಕ ಸುಸ್ತ ಆಗಂಗಿಲ್ಲೇನೋ ಚಂದ್ರು?" ಎಂದು ಅಂಬಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಮೇಲೆ ಪಾರಿವಾಳಗಳು. ಮೌಸ್ ಹೋದಲ್ಲೆಲ್ಲ ಹಾರಿಬರಬೇಕು. ಬಂದವು, ಆದರೆ ಎಲ್ಲವೂ ಒಂದೇ ಚುಕ್ಕೆಯ ಮೇಲೆ ಬಂದು ಕುಪ್ಪೆಬಿದ್ದವು. ಎರಡು ವಾರ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಎಲ್ಲವೂ ಒಂದೇ ವೇಗದಲ್ಲಿ ಹಾರಿದರೆ ಇನ್ನೇನಾಗುತ್ತದೆ? ಒಂದೊಂದಕ್ಕೆ ಒಂದೊಂದು ಬಗೆಯ ಸೋಮಾರಿತನ ಕೊಟ್ಟ. ಹಿಂಡು ಹರಡಿಕೊಂಡು ಹಾರಿತು. ಚಂದ್ರಕಾಂತ ತಾನೇ ಮೌಸನ್ನು ಎಡಗಡೆಗೆ ಸರಿಸಿಕೊಟ್ಟ. ಅಂಬಣ್ಣ ಎಡಗೈಯಲ್ಲಿ ಪಾರಿವಾಳಗಳನ್ನು ಓಡಾಡಿಸುತ್ತ ಮಗುವಿನಂತೆ ಕುಳಿತ. ಏಳಿಸುವುದೇ ಕಷ್ಟವಾಯಿತು.

ಕೋರ್ಸು ಮುಗಿಯುವಾಗ ಎಲ್ಲರೂ ತಮ್ಮದೇ ಒಂದು ಪುಟ ಮಾಡಿ ಪ್ರದರ್ಶನಕ್ಕೆ ಇಡಬೇಕಿತ್ತು. ಮಾದಾಪುರದ ಕಂಪನಿಯೊಂದು ಬಂದು ನೋಡಿ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತದೆ ಎಂದಿದ್ದರು. ದೀಪಾವಳಿ ಹತ್ತಿರವಿತ್ತು. ಈ ಕೆಲಸ ಸಿಗದಿದ್ದರೆ ಭಾಲ್ಕಿಯಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವುದೇ ಗತಿ. ಮಾವನ ಮುಂದೆ ಕೈಕಟ್ಟಿ ನಿಲ್ಲುವುದನ್ನು ನೆನೆದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅವನು ಮಾಡಿದ್ದು ಪ್ರೆಸ್ಸು. ಪರದೆಯ ಮೇಲೆ ಬೂದು ಬಣ್ಣದ ದೊಡ್ಡ ಮಷೀನು, ಕೆಳಗೊಂದು ತಗಡು. ಅಚ್ಚು ಧಡ್ ಎಂದು ಬೀಳುತ್ತದೆ. ಮೇಲೆದ್ದಾಗ ತಗಡು ಒಮ್ಮೆ ಮೀನು, ಒಮ್ಮೆ ಚಪ್ಪಲಿ, ಒಮ್ಮೆ ಅರ್ಧಚಂದ್ರ, ಇನ್ನೊಮ್ಮೆ ಮಾವಿನಕಾಯಿ. ಮುಂದೆ ಏನು ಬರುತ್ತದೆಂದು ಅವನಿಗೂ ಗೊತ್ತಿಲ್ಲ. ಧಡ್ ಎಂಬ ಸದ್ದು ತನ್ನದೇ ಮಷೀನಿನದು, ಟೇಪ್ ರೆಕಾರ್ಡರ್ ಒಯ್ದು ಹಿಡಿದು ತಂದದ್ದು. ಮತ್ತು ಅಚ್ಚು ಬೀಳಬೇಕಾದರೆ ಕೀಬೋರ್ಡಿನ ಆ ತುದಿಯದೊಂದು ಈ ತುದಿಯದೊಂದು ಗುಂಡಿಯನ್ನು ಎರಡೂ ಕೈಗಳಿಂದ ಒಟ್ಟಿಗೆ ಒತ್ತಬೇಕು.

"ಅಂಬಣ್ಣನ ಸಲುವಾಗಿ ಹಂಗ ಇಟ್ಟೀನಿ," ಎಂದು ಕಂಡಕಂಡವರಿಗೆಲ್ಲ ಹೇಳಿದ. ಹೇಳುವಾಗ ಎದೆ ಉಬ್ಬುತ್ತಿತ್ತು.

ಕಾರ್ಖಾನೆಯವರು ಗುಂಪಾಗಿ ಇಂಟರ್ನೆಟ್ ಅಂಗಡಿಗೆ ಬಂದು ನೋಡಿದರು. ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ಕುಳಿತವರು ಕುಳಿತಂತೆ ಎರಡೂ ಕೈ ಚಾಚಿ ಧಡ್ ಧಡ್ ಎಂದು ಒತ್ತಿದರು. ಪ್ರೆಸ್ಸು ನಡೆಯುವುದೇ ಹಾಗಲ್ಲವೆ! ಸರದಿಗಾಗಿ ಜಗಳವೇ ಆಯಿತು. ಅಂಬಣ್ಣ ಹಿಂದೆ ನಿಂತು ಚಹಾ ಕುಡಿಯುತ್ತ, "ಭಾಳ ಚಲೋ ಆಗೈತಿ, ಭಾಳ ಚಲೋ," ಎಂದ.

ಪ್ರದರ್ಶನದ ದಿನ ಭವಾನಿ ಬರಲಿಲ್ಲ. ಅಂಬಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಕಂಪನಿಯಿಂದ ಬಂದವಳು ತೇಜಸ್ವಿನಿ ಎಂಬ ಮೈಸೂರಿನ ಹುಡುಗಿ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಮೌಸು. ಹತ್ತಾರು ಪುಟಗಳನ್ನು ಹಾಗೇ ನೋಡುತ್ತ ಬಂದು ಚಂದ್ರಕಾಂತನ ಪ್ರೆಸ್ಸಿನ ಮುಂದೆ ಕುಳಿತಳು. ಕ್ಲಿಕ್ ಮಾಡಿದಳು. ಏನೂ ಆಗಲಿಲ್ಲ. ಮತ್ತೆ ಮಾಡಿದಳು.

"ಹ್ಯಾಂಗ್ ಆಗಿದ್ಯಾ?"

"ಇಲ್ಲರೀ ಮೇಡಂ. ಎರಡೂ ಕೈ ಹಚ್ಚರಿ. ಈ ಗುಂಡಿ, ಆ ಗುಂಡಿ, ಒಮ್ಮೇಲೆ."

ಮೊಬೈಲು ಕೆಳಗಿಟ್ಟು ಒತ್ತಿದಳು. ಧಡ್! ಮೀನು ಬಂತು. ಅವಳ ಮುಖ ಅರಳಿತು. ಚಪ್ಪಲಿ ಬಂದಾಗ ಗಟ್ಟಿಯಾಗಿ ನಕ್ಕಳು. ಆಮೇಲೆ, "ತುಂಬಾ ಚೆನ್ನಾಗಿದೆ. ಆದ್ರೆ ನೋಡೋರ ಕೈಲಿ ಮೌಸ್ ಇರುತ್ತೆ. ಕ್ಲಿಕ್ ಮಾಡಿ ಏನೂ ಆಗ್ಲಿಲ್ಲ ಅಂದ್ರೆ ಎದ್ದು ಹೋಗ್ತಾರೆ. ಒಂದೇ ಕ್ಲಿಕ್‌ಗೆ ಬೀಳೋ ಹಾಗೆ ಮಾಡ್ತೀರಾ?" ಎಂದಳು.

ಮಾಡುವುದು ಕಷ್ಟವಿರಲಿಲ್ಲ, ಒಂದು ಸಾಲು ಬದಲಿಸಿದರಾಯಿತು. ಆದರೆ ಚಂದ್ರಕಾಂತನಿಗೆ ಮೈಯೆಲ್ಲ ಉರಿಯಿತು.

"ಆಗಂಗಿಲ್ಲರೀ. ಒಂದು ಕೈಲೆ ಪ್ರೆಸ್ಸು ನಡೀಬಾರದು."

"ಇದು ಆಟ ಅಲ್ವಾ ಸರ್?"

"ನಿಮಗ ಆಟ ಇರಬಹುದು. ನಮ್ಮ ಗೆಣೆಯಾನ ಕೈ ಹೋಗೈತಿ."

"ತೀಸೇಯ್ ಅನ್ನಾ, ತೆಗೆದುಬಿಡು," ಎಂದು ಕಲಿಸಿದ ಮೇಷ್ಟ್ರು ಹಿಂದಿನಿಂದ ತೆಲುಗು ಬೆರೆಸಿ ಪಿಸುಗುಟ್ಟಿದರು. ಚಂದ್ರಕಾಂತ ಕದಲಲಿಲ್ಲ. ತೇಜಸ್ವಿನಿ ಪಾಪ, ಒಂದು ಗಳಿಗೆ ಕಾದಳು. ಕೊನೆಗೆ ಮೊಬೈಲು ಎತ್ತಿಕೊಂಡು ಪಕ್ಕದ ಪುಟದ ಕಡೆ ತಿರುಗಿದಳು. ಹೋಯಿತು ಕೆಲಸ ಎಂದು ಅವನಿಗೂ ತಿಳಿಯಿತು. ಹೋದರೆ ಹೋಗಲಿ, ಹೇಳಬೇಕಾದದ್ದನ್ನು ಹೇಳಿದೆ ಎಂದುಕೊಂಡ.

ಆಗ ಅಂಬಣ್ಣ ಜನರನ್ನು ಸರಿಸಿಕೊಂಡು ಮುಂದೆ ಬಂದ. ಬಲಗೈಯ ಅಂಗಿತೋಳನ್ನು ಎಂದಿನಂತೆ ಮಡಿಚಿ ಪಿನ್ನು ಹಾಕಿದ್ದ.

"ಚಂದ್ರು, ಅದನ್ನ ತಗದು ಹಾಕೋ," ಎಂದ. "ನಾನೂ ಒಮ್ಮಿ ಆಡ್ತೀನಿ."

ಚಂದ್ರಕಾಂತ ಅವನ ಮುಖ ನೋಡಿದ, ತೋಳು ನೋಡಿದ, ಕೀಬೋರ್ಡು ನೋಡಿದ. ನಾಚಿಕೆಯಾಯಿತು. ಕುರ್ಚಿಯಲ್ಲಿ ಕುಳಿತು ಆ ಸಾಲನ್ನು ಅಳಿಸಿದ. ಮೌಸ್ ಒತ್ತಿದರೆ ಸಾಕು ಎಂದು ಬರೆಯುವಾಗ ಎರಡು ಸಲ ತಪ್ಪಾಯಿತು. ಎದ್ದು ಕುರ್ಚಿ ಬಿಟ್ಟುಕೊಟ್ಟು ಮೌಸನ್ನು ಎಡಗಡೆಗೆ ಸರಿಸಿದ.

ಅಂಬಣ್ಣ ಒತ್ತಿದ. ಧಡ್. ಮಾವಿನಕಾಯಿ. ಇನ್ನೊಮ್ಮೆ. ಅರ್ಧಚಂದ್ರ. "ಅಯ್ಯ ಇವನ!" ಎನ್ನುತ್ತ ಒತ್ತಿದ್ದೇ ಒತ್ತಿದ್ದು. ತೇಜಸ್ವಿನಿ ಆ ಕಡೆಯಿಂದ ತಿರುಗಿ ಬಂದು ಅವನ ಹಿಂದೆ ನಿಂತಳು. ಅವನು ಏಳುವವರೆಗೂ ನಿಂತಿದ್ದಳು. ಆಮೇಲೆ ಚಂದ್ರಕಾಂತನನ್ನು ಪಕ್ಕಕ್ಕೆ ಕರೆದು, ಹಬ್ಬ ಮುಗಿಸಿಕೊಂಡು ಮಾದಾಪುರಕ್ಕೆ ಬಂದು ಕೆಲಸಕ್ಕೆ ಸೇರಿ ಎಂದಳು. ಅವನು ಹೂಂ ಎಂದನೋ ಇಲ್ಲವೋ, ಅವನಿಗೇ ನೆನಪಿಲ್ಲ.

ಇಬ್ಬರೂ ಅಮೀರ್‌ಪೇಟೆಯ ಬಸ್ ಸ್ಟಾಪಿಗೆ ಬಂದರು. ಅಲ್ಲಿ ನಿಂತು ಚಂದ್ರಕಾಂತ ಕೇಳಿದ: "ಇಷ್ಟು ದಿನಾ ಯಾಕ ಹೇಳಲಿಲ್ಲೋ ಮಾರಾಯಾ?"

"ಹೆಂಗ ಹೇಳಲಿ? ಅಂಬಣ್ಣನ ಸಲುವಾಗಿ ಎರಡು ಗುಂಡಿ ಇಟ್ಟೀನಿ ಅಂತ ಊರೆಲ್ಲಾ ಹೇಳ್ಕೋತ ತಿರಗಾಕತ್ತಿದ್ದಿ," ಎಂದ ಅಂಬಣ್ಣ. "ಅದರಾಗ ನಾ ಏನಂತ ಬಾಯಿ ತಗೀಲಿ?"

ಸನತ್‌ನಗರದ ಬಸ್ಸು ಬಂತು, ಹತ್ತಿದರು. ಕೆಲಸ ಸಿಕ್ಕ ಸುದ್ದಿಯನ್ನು ಭವಾನಿಗೆ ಹೇಳಿದವನೂ ಅಂಬಣ್ಣನೇ.