ಓಬಾನ ಬೆನ್ನ ಮೇಲಿನ ದೀರ್ಘ

ಹಿಮೇಜಿ ಊರಿನ ಶಿರಸಾಗಿ ಬೇಸ್‌ಬಾಲ್ ತಂಡದ ಹೊಲಿಗೆ ಕೋಣೆ ಇದ್ದದ್ದು ಗ್ಯಾಲರಿಯ ಮೆಟ್ಟಿಲುಗಳ ಅಡಿಯಲ್ಲಿ. ಮೇಲೆ ಜನ ಕುಣಿದರೆ ಮಿತ್ಸುಯೋ ಹಿಕಿದಾಳ ಯಂತ್ರದ ಮೇಲೆ ಗಾರೆಯ ಪುಡಿ ಉದುರುತ್ತಿತ್ತು. ಆಟಗಾರರ ಅಂಗಿಗಳನ್ನು ಅಳತೆಗೆ ಸರಿಮಾಡುವುದು, ಬೆನ್ನಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಹೊಲಿಯುವುದು, ತಂಡ ಬಿಟ್ಟವರ ಹೆಸರು ಬಿಚ್ಚುವುದು ಅವಳ ಕೆಲಸ. ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿದ್ದದ್ದೂ ಆ ಸೂಜಿಯ ಮೇಲೆಯೇ. ಆಟಗಾರರೆಲ್ಲ ಅವಳನ್ನು ಅತ್ತೆ ಎನ್ನುತ್ತಿದ್ದರು.

ಹದಿನೈದು ವರ್ಷದ ಹಿಂದೆ ಅಕಿತಾದ ಕಡೆಯ ಹಳ್ಳಿಯೊಂದರಿಂದ ಎಡಗೈ ಎಸೆತಗಾರನೊಬ್ಬ ತಂಡಕ್ಕೆ ಬಂದ. ಹೆಸರು ಓಬಾ. ಮೊದಲಕ್ಷರವನ್ನು ಎಳೆದು ಹೇಳಬೇಕು. ಇಂಗ್ಲಿಷಿನಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ ಒಂದೇ ‘ಓ’. ಆಫೀಸಿನವರು ಹೇಳಿದಂತೆ ಓ, ಬಿ, ಎ ಎಂದು ಹೊಲಿದಾಗ ಅದನ್ನು ‘ಒಬಾ’ ಎಂದೂ ಓದಬಹುದಾಯಿತು. ಒಬಾ ಎಂದರೆ ಅವರ ಮಾತಿನಲ್ಲಿ ಅತ್ತೆ. ಎದುರಾಳಿಯ ಊರಿನಲ್ಲಿ ಅವನು ಮೊದಲ ಸಲ ಚೆಂಡು ಹಿಡಿದು ನಿಂತದ್ದೇ ತಡ, ಗ್ಯಾಲರಿಯಿಂದ ಕೂಗು ಎದ್ದಿತು. “ಅತ್ತೇ, ಒಲೆ ಮೇಲೆ ಅನ್ನ ಸೀದೋಯ್ತು! ಮನೆಗೆ ನಡಿಯೇ!”

ಮರುದಿನ ಓಬಾ ಅಂಗಿಯನ್ನು ಮುದುಡಿ ಹಿಡಿದು ಹೊಲಿಗೆ ಕೋಣೆಗೆ ಬಂದ. ಕಣ್ಣು ಕೆಂಪಾಗಿತ್ತು.

“ಅತ್ತೆ, ನನ್ನನ್ನೂ ಅತ್ತೆ ಮಾಡ್ಬಿಟ್ರು.”

“ಈ ಕೋಣೆಗೆ ಒಬ್ಬಳು ಅತ್ತೆ ಸಾಕು ಕಣೋ. ಕೊಡಿಲ್ಲಿ,” ಎಂದು ಮಿತ್ಸುಯೋ ‘ಓ’ ಆದ ಮೇಲೆ ಒಂದು ‘ಎಚ್’ ಹೊಲಿದಳು. ಹೆಸರನ್ನು ಎಳೆಯಲು ಹಾಗೆ ಬರೆಯುವ ರೂಢಿ ಮೊದಲಿನಿಂದ ಇತ್ತು. ಆಫೀಸಿನವರು ಗೊಣಗಿ ಒಪ್ಪಿದರು. ಅಂದಿನಿಂದ ಪ್ರತಿ ಚಳಿಗಾಲ ಓಬಾನ ತಾಯಿ ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ಕಳಿಸುತ್ತಿದ್ದಳು. ಮಿತ್ಸುಯೋಳ ಗಂಡ ಅದಿಲ್ಲದೆ ಗಂಜಿ ಮುಟ್ಟುತ್ತಿರಲಿಲ್ಲ.

ಓಬಾ ಮಹಾ ಆಟಗಾರನೇನೂ ಆಗಲಿಲ್ಲ. ತಂಡ ಸೋಲುವ ದಿನಗಳಲ್ಲಿ ಉಳಿದ ಆಟವನ್ನು ಹೇಗೋ ದಾಟಿಸುವವನಾದ. ವಯಸ್ಸು ಮೂವತ್ತು ದಾಟಿದ ಮೇಲೆ ಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆ ವರ್ಷ ಶಿರಸಾಗಿ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಮಾಲೀಕರು ಸಾಯೆಕಿ ಎಂಬ ಹೊಸ ನಿರ್ದೇಶಕನನ್ನು ತಂದರು. ತಂಡವನ್ನು ಬುಡದಿಂದ ಕಟ್ಟುತ್ತೇನೆ, ಮೂವತ್ತು ದಾಟಿದವರನ್ನು ಕಳಿಸಿ ಹುಡುಗರನ್ನು ತರುತ್ತೇನೆ ಎಂದು ಅವನು ಪತ್ರಿಕೆಯವರ ಮುಂದೆ ಹೇಳಿದ. ಬೆನ್ನಿನ ಹೆಸರುಗಳಿಗೂ ಇನ್ನು ಒಂದೇ ನಿಯಮ, ಎಚ್‌ನಂಥ ಹೆಚ್ಚುವರಿ ಅಕ್ಷರಗಳು ಬೇಡ ಎಂದ.

ಸೆಪ್ಟೆಂಬರಿನ ಕೊನೆಗೆ ಅವನೇ ಹೊಲಿಗೆ ಕೋಣೆಗೆ ಇಳಿದು ಬಂದ.

“ಹಿಕಿದಾ ಅವರೇ, ಓಬಾಗೆ ಮುಂದಿನ ವರ್ಷದ ಅಂಗಿ ಹೊಲಿಯೋದು ಬೇಡ. ನಾವು ಹೇಳೋವರೆಗೂ ಅವರ ಕಿವಿಗೆ ಬೀಳಬಾರದು.”

“ಹೂಂ ಸಾರ್.”

“ಈ ಕೆಲಸ ಹೊರಗಿನ ಕಾರ್ಖಾನೆಯವರೂ ಮಾಡಿಕೊಡ್ತಾರೆ. ಆದರೂ ನಿಮ್ಮಂಥ ಹಳಬರನ್ನ ಕಳಕೊಳ್ಳೋಕೆ ನನಗೆ ಮನಸ್ಸಿಲ್ಲ,” ಎಂದು ನಕ್ಕು ಹೋದ.

ಎರಡು ದಿನ ಕಳೆದು ಓಬಾ ಬಂದ. ಊರಿನ ಹತ್ತಿರದ ಕಾರ್ಖಾನೆಯ ತಂಡದವರು ಅವನನ್ನು ತರಬೇತುದಾರನಾಗಿ ಕರೆದಿದ್ದರು. ತಿಂಗಳು ಮುಗಿಯುವುದರೊಳಗೆ ಉತ್ತರ ಕೊಡಬೇಕಿತ್ತು.

“ಇನ್ನೊಂದು ವರ್ಷ ಎಸೀಬೇಕು ಅಂತ ಆಸೆ, ಅತ್ತೆ. ಮೇಲಿನವರನ್ನ ಕೇಳಿದ್ರೆ ನಗ್ತಾರೆ, ಬಾಯಿ ಬಿಡಲ್ಲ. ನೀವೇ ಹೇಳಿ, ನನ್ನ ಅಂಗಿ ಹೊಲೀತೀರಾ?”

ಮಿತ್ಸುಯೋ ಅವನ ಮುಖ ನೋಡಲಿಲ್ಲ. ಗೂಟದಿಂದ ಟೇಪು ತೆಗೆದಳು.

“ಹೊಲೀದೆ ಇನ್ನೇನು. ಕೈ ಎತ್ತು.”

“ಭುಜದ ಹತ್ರ ಸ್ವಲ್ಪ ಸಡಿಲ ಇರ್ಲಿ. ಆಪರೇಷನ್ ಆದ್ಮೇಲೆ ಅಲ್ಲಿ ಹಿಡಿಯುತ್ತೆ.”

“ಬಿಡ್ತೀನಿ,” ಎಂದು ಅಳತೆ ತೆಗೆದುಕೊಂಡಳು. ಅವನು ಸೀಟಿ ಹಾಕುತ್ತ ಮೆಟ್ಟಿಲು ಹತ್ತಿ ಹೋದ. ಅಂದೇ ಕಾರ್ಖಾನೆಯವರಿಗೆ ಆಗುವುದಿಲ್ಲ ಎಂದು ಫೋನು ಮಾಡಿದ.

ಅಕ್ಟೋಬರಿನ ಮೊದಲ ವಾರ ಅವನಿಗೆ ಆಫೀಸಿನಿಂದ ಕರೆ ಬಂತು. ಸೂಟು ಹಾಕಿಕೊಂಡು ಹೋಟೆಲಿಗೆ ಬನ್ನಿ ಎಂದರು. ಸೂಟು ಎಂದ ಕೂಡಲೇ ತಂಡ ತಮ್ಮನ್ನು ಕೈಬಿಟ್ಟಿದೆ ಎಂದು ಆಟಗಾರರಿಗೆ ತಿಳಿಯುತ್ತದೆ. ಸಾಯೆಕಿ ಚಹಾ ತರಿಸಿದ, ಇಷ್ಟು ವರ್ಷದ ಸೇವೆಗೆ ತಲೆಬಾಗಿದ, ಚಹಾ ಆರುವ ಮೊದಲೇ ಮಾತು ಮುಗಿಸಿದ.

ಓಬಾ ಅದೇ ಸೂಟಿನಲ್ಲಿ ಹೊಲಿಗೆ ಕೋಣೆಯ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ.

“ಅಳತೆ ತಗೊಂಡಾಗ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮೇಲಿನವರು ಸುಳ್ಳು ಹೇಳ್ತಾರೆ ಅಂತ ಗೊತ್ತಿದ್ದಕ್ಕೇ ನಿಮ್ಮನ್ನ ಕೇಳಿದ್ದು.”

ಮಿತ್ಸುಯೋ ಗಂಡನ ಹೆಸರೆತ್ತಲು ಬಾಯಿ ತೆರೆದಳು. ಮತ್ತೆ ಯಂತ್ರದ ಕಡೆ ತಿರುಗಿ ಸೂಜಿಗೆ ದಾರ ಪೋಣಿಸತೊಡಗಿದಳು. ಅವನು ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಒಮ್ಮೆ ತಲೆಬಾಗಿ ಹೊರಟುಹೋದ. ಬೆನ್ನ ಮೇಲೆ ಎಚ್ ಇದ್ದ ಕೊನೆಯ ಆಟಗಾರ ಅವನೇ. ಸಾಯೆಕಿಯ ಹೊಸ ನಿಯಮಕ್ಕೆ ಅವನ ಹೆಸರನ್ನು ತಿದ್ದುವ ತೊಂದರೆಯೂ ತಪ್ಪಿತು.

ಊರಿನ ಕಾರ್ಖಾನೆಯವರು ಆಗಲೇ ಬೇರೊಬ್ಬನನ್ನು ಗೊತ್ತು ಮಾಡಿಕೊಂಡಿದ್ದರು. ಓಬಾಗೆ ಉಳಿದದ್ದು ನವೆಂಬರಿನ ಬಯಲು ಪರೀಕ್ಷೆ ಒಂದೇ. ಕೈಬಿಟ್ಟ ಆಟಗಾರರೆಲ್ಲ ಹಳೆಯ ಅಂಗಿ ತೊಟ್ಟು ಬಂದು, ಬೇರೆ ತಂಡಗಳವರ ಎದುರು ಆಡಿ ತೋರಿಸುತ್ತಾರೆ. ಮಿತ್ಸುಯೋ ಪಕ್ಕದ ಮನೆಯವಳಿಗೆ ಗಂಡನನ್ನು ನೋಡಿಕೊಳ್ಳಲು ಹೇಳಿ, ಅನ್ನದುಂಡೆ ಕಟ್ಟಿಕೊಂಡು ರೈಲು ಹತ್ತಿದಳು. ಓಬಾ ಅಂದು ಚೆನ್ನಾಗಿಯೇ ಎಸೆದ. ಆದರೆ ಗ್ಯಾಲರಿಯಲ್ಲಿ ಕೂತಿದ್ದ ತಂಡದವರು ಹುಡುಗರನ್ನಷ್ಟೇ ನೋಡುತ್ತಿದ್ದರು. ಅವನ ಸರದಿ ಬಂದಾಗ ಕಾಫಿಗೆ ಎದ್ದರು.

ಗೇಟಿನ ಬಳಿ ಅವಳನ್ನು ಮೊದಲು ಕಂಡದ್ದು ಓಬಾನ ಹೆಂಡತಿ.

“ಇಲ್ಲಿಗೂ ಬಂದ್ರಾ? ಬೇಡ ಅತ್ತೆ, ದಯವಿಟ್ಟು. ಅವರು ನಿಮ್ಮನ್ನ ನೋಡೋದು ಬೇಡ.”

ವಾಪಸು ಬರುವ ರೈಲಿನಲ್ಲಿ ಮಿತ್ಸುಯೋ ಅನ್ನದುಂಡೆಗಳನ್ನು ಒಂದೂ ಬಿಡದೆ ತಾನೇ ತಿಂದಳು. ಹಸಿವಿರಲಿಲ್ಲ. ಯಾರಿಗಾಗಿ ಕಟ್ಟಿದ್ದೆ ಎಂದು ಮನೆಯಲ್ಲಿ ಹೇಳಬೇಕಾಗಿ ಬರುವುದು ಬೇಡವಾಗಿತ್ತು.

ಓಬಾನನ್ನು ಯಾವ ತಂಡವೂ ಕರೆಯಲಿಲ್ಲ. ಅವನು ಮೀನು ಸಾಗಿಸುವ ಲಾರಿ ಓಡಿಸುತ್ತಿದ್ದಾನೆಂದು ಯಾರೋ ಹೇಳಿದರು. ಆ ಚಳಿಗಾಲ ಮೂಲಂಗಿ ಬರಲಿಲ್ಲ. ಗಂಡ ಬಟ್ಟಲು ದೂಡಿ ಕೇಳಿದಾಗಲೆಲ್ಲ, ಅಂಚೆ ತಡವಾಗಿದೆ ಎನ್ನುತ್ತಿದ್ದಳು.

ಸಾಯೆಕಿಯ ಹುಡುಗರ ತಂಡವೂ ಮರುವರ್ಷ ಕೊನೆಯ ಸ್ಥಾನದಲ್ಲೇ ಉಳಿಯಿತು. ಆ ಶರತ್ಕಾಲದಲ್ಲಿ ಹೆಸರು ಹೊಲಿಯುವ ಕೆಲಸವನ್ನು ಹೊರಗಿನ ಕಾರ್ಖಾನೆಗೆ ಕೊಟ್ಟರು. ಮಿತ್ಸುಯೋಳನ್ನು ಕಳಿಸಿಕೊಡಲು ಚಿಕ್ಕದೊಂದು ಸಮಾರಂಭ ಮಾಡಿದರು. ಸಾಯೆಕಿ ದೊಡ್ಡ ಹೂಗುಚ್ಛ ಕೊಟ್ಟು, “ನಿಮ್ಮ ನಿಷ್ಠೆಯನ್ನ ತಂಡ ಮರೆಯೋದಿಲ್ಲ,” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬಗ್ಗಿ ನಮಸ್ಕರಿಸಿ, ಚಪ್ಪಾಳೆ ನಿಂತ ಮೇಲೂ ತಲೆ ಎತ್ತಲಿಲ್ಲ.

ಮನೆಗೆ ಬಂದವಳೇ ಹೂಗಳನ್ನು ಎಸೆಯಲು ಹೊರಟಳು. ಅಂದು ಕಸದ ಗಾಡಿ ಬರುವ ದಿನವಾಗಿರಲಿಲ್ಲ. ಎರಡು ದಿನ ಅವನ್ನು ಗಂಡನ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಬೇಕಾಯಿತು.