ಬಾಗಿಲಕ್ಕನ ಬೆಳಗಿನ ಪಾಳಿ

ಬೆಳಕು ಹರಿಯುವ ಮೊದಲು ಅವಳು ತೆಗೆಯಬೇಕಾದವು ಇಷ್ಟು. ಮೊದಲು ಹಿತ್ತಲ ಬಾಗಿಲು, ಅದೂ ಚಿಲಕ ಕಿರುಗುಟ್ಟದ ಹಾಗೆ, ಯಾಕೆಂದರೆ ರಾತ್ರಿಯೆಲ್ಲ ನಿದ್ದೆಯಿಲ್ಲ ಎನ್ನುವ ಅತ್ತೆಗೆ ಆ ಹೊತ್ತಿಗೇ ಜೊಂಪು ಹತ್ತಿರುತ್ತಿತ್ತು. ಆಮೇಲೆ ನೀರಿನ ನಲ್ಲಿ. ಹಾಲಿನ ಪ್ಯಾಕೆಟ್ಟು. ಗ್ಯಾಸು. ಹಿಟ್ಟಿನ ಡಬ್ಬ, ಹಿಂದಿನ ದಿನ ಅದರ ಮುಚ್ಚಳ ಹಾಕಿದವರ ಸಿಟ್ಟೆಲ್ಲ ಅದರಲ್ಲೇ ಕೂತಿರುತ್ತಿತ್ತು. ಅತ್ತೆಯ ಮಾತ್ರೆಯ ಡಬ್ಬಿ. ಗಂಡನ ಬಟ್ಟೆ ಬೀರು. ಗಂಡ ಅಂಗಡಿಯಲ್ಲಿ ಬೀರು ಮಾರುವವನು. ಅವನ ಸ್ವಂತ ಬೀರಿನ ಬಾಗಿಲು ಮುಚ್ಚಿಕೊಂಡು ನಿಲ್ಲಬೇಕಾದರೆ ಕಾಗದ ಮಡಚಿ ಸಿಕ್ಕಿಸಬೇಕು. ಕಾಗದ ಕಿತ್ತು, ಅಂಗಿ ತೆಗೆದು, ಕಾಗದ ಮತ್ತೆ ಸಿಕ್ಕಿಸುವುದೂ ಅವಳದೇ. ನಡುನಡುವೆ ತರಕಾರಿ ಹೆಚ್ಚುವುದು, ಎರಡು ಬುತ್ತಿ ಕಟ್ಟುವುದು, ನೆನೆಹಾಕಿದ ಬಟ್ಟೆ ಒಗೆಯುವುದು, ಕಸ ಗುಡಿಸುವುದು. ಕೊನೆಗೆ ಗಂಡನ ಕಣ್ಣು. ಅವಳು ದಿನಾ ತೆಗೆಯುವುದರಲ್ಲೆಲ್ಲ ಬಲು ಗಟ್ಟಿ ಅದೇ.

ಇಷ್ಟಾದ ಮೇಲೆ ಅವಳು ಸಂಬಳ ಬರುವ ಬಾಗಿಲುಗಳನ್ನು ತೆಗೆಯಲು ಗೂಡ್ಸ್ ಶೆಡ್ಡಿಗೆ ಹೊರಡುತ್ತಿದ್ದಳು.

ಶೆಡ್ಡಿನಲ್ಲಿ ಎಲ್ಲರಿಗೂ ಅವಳು ಬಾಗಿಲಕ್ಕ. ಸಾಮಾನಿನ ರೈಲು ಬಂದು ನಿಂತಾಗ ಹಮಾಲರಿಗಿಂತ ಮೊದಲು ಹೋಗಿ ವ್ಯಾಗನ್ನುಗಳ ಬಾಗಿಲು ತೆಗೆದುಕೊಡುವುದು, ರೈಲು ಹೊರಡುವ ಮೊದಲು ಮುಚ್ಚಿ ಭದ್ರಪಡಿಸುವುದು, ನಡುವೆ ಮುರಿದ ಕೊಕ್ಕೆ, ಬಾಗಿದ ಸರಳು, ತುಕ್ಕು ಹಿಡಿದ ಕೀಲು ಸರಿಮಾಡುವುದು ಅಲ್ಲಿನ ಬಾಗಿಲು ಗ್ಯಾಂಗಿನ ಕೆಲಸ. ಆ ಗ್ಯಾಂಗಿಗೆ ಅವಳು ಬಂದದ್ದು ಪೊರಕೆ ಹಿಡಿದುಕೊಂಡು, ಖಾಲಿ ವ್ಯಾಗನ್ನು ಗುಡಿಸುವವಳಾಗಿ. ಒಂದು ದಿನ ಯಾರೋ ಕೈಗೆ ಎಣ್ಣೆಡಬ್ಬಿ ಕೊಟ್ಟು ಕೀಲುಗಳಿಗೆ ಹಚ್ಚು ಅಂದರು. ಎಣ್ಣೆ ಹಚ್ಚುವುದು ಹೆಂಗಸರ ಕೆಲಸ ಎಂದು ಅಲ್ಲಿನ ಗಂಡಸರೆಲ್ಲ ಸೇರಿ ತೀರ್ಮಾನಿಸಿದ್ದರು. ಎಣ್ಣೆ ಹಚ್ಚುತ್ತ ಹಚ್ಚುತ್ತ ಯಾವ ಕೀಲು ಯಾಕೆ ಬಿಗಿ ಎಂದು ಅವಳಿಗೆ ತಿಳಿಯಿತು. ತಿಳಿದ ಮೇಲೆ ಕೈಗೆ ಸುತ್ತಿಗೆ ಬಂತು. ಸುತ್ತಿಗೆ ಬಂತು ಅಂತ ಪೊರಕೆಯನ್ನು ಯಾರೂ ವಾಪಸ್ ಇಸಿದುಕೊಳ್ಳಲಿಲ್ಲ.

ವ್ಯಾಗನ್ನಿನ ಬಾಗಿಲು ನೋಡುವುದಕ್ಕೆ ಆನೆಯಷ್ಟಿದ್ದರೂ ಅದರ ಗುಟ್ಟು ದೊಡ್ಡದೇನಲ್ಲ. ಎರಡು ಕಬ್ಬಿಣದ ಕದ. ಮೇಲಿನಿಂದ ಕೆಳಗಿನವರೆಗೆ ನೆಟ್ಟಗೆ ಒಂದು ಸರಳು, ಅದರ ಎರಡೂ ತುದಿಗೆ ಕೊಕ್ಕೆ, ನಡುವೆ ಒಂದು ಹಿಡಿ. ಹಿಡಿ ತಿರುಗಿಸಿದರೆ ಸರಳು ತಿರುಗಿ ಕೊಕ್ಕೆಗಳು ಚೌಕಟ್ಟನ್ನು ಬಿಡುತ್ತವೆ. ಮುಚ್ಚಿದ ಮೇಲೆ ಹಿಡಿ ತಾನಾಗಿ ತಿರುಗದ ಹಾಗೆ ಅದಕ್ಕೊಂದು ಪಿನ್ನು, ಪಿನ್ನಿಗೆ ತಂತಿ, ತಂತಿಗೆ ಸೀಸದ ಮುದ್ರೆ. ಕಷ್ಟ ಬರುವುದು ದಾರಿಯಲ್ಲಿ ಮೂಟೆಗಳು ಜಾರಿ ಬಾಗಿಲಿಗೆ ಒರಗಿಕೊಂಡಾಗ. ಆಗ ಅಷ್ಟೂ ಭಾರ ಕೊಕ್ಕೆಗಳ ಮೇಲೆ ಬಿದ್ದು ಹಿಡಿ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.

ಗ್ಯಾಂಗಿನಲ್ಲಿ ಒಬ್ಬ ಪೈಲ್ವಾನನಿದ್ದ. ತೋಳು ನೋಡಿ ಇಟ್ಟ ಹೆಸರು. ಇಂಥದೊಂದು ಬಾಗಿಲ ಎದುರು ಅವನು ಕಾಲೂರಿ ನಿಂತು, ಹಿಡಿಗೆ ಹಾರೆ ಸಿಕ್ಕಿಸಿ, ಉಸಿರು ಕಟ್ಟಿ ಜಗ್ಗಿದ. ಬಾಗಿಲು ತೆರೆಯಿತು, ಮೈದಾ ಹಿಟ್ಟಿನ ಮೂಟೆಗಳ ಸಮೇತ. ಅವನನ್ನು ಹೊರಗೆಳೆದಾಗ ಮೈಯಲ್ಲಿ ಕಪ್ಪಗೆ ಉಳಿದದ್ದು ಕಣ್ಣುಗುಡ್ಡೆ ಮಾತ್ರ. ಸೀನಿದಾಗಲೆಲ್ಲ ಒಂದೊಂದು ಮೋಡ ಏಳುತ್ತಿತ್ತು. ಆವತ್ತು ಗ್ಯಾಂಗಿನ ಮುದಿ ಮೇಸ್ತ್ರಿ ಬಾಗಿಲಕ್ಕನನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟರು. ಭಾರ ಒರಗಿದ ಬಾಗಿಲನ್ನು ಎಳೆಯಲೇಬಾರದು. ಹಗ್ಗ ಬಿಗಿದು, ಹಾರೆ ಕೊಟ್ಟು, ಮೊದಲು ಅದನ್ನು ಒಳಕ್ಕೇ ಒತ್ತಬೇಕು, ಇನ್ನಷ್ಟು ಮುಚ್ಚುವವರ ಹಾಗೆ. ಕೊಕ್ಕೆ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಆಗ ಹಿಡಿ ಬೆರಳಿಗೇ ತಿರುಗುತ್ತದೆ. ತಿರುಗಿಸಿ ಪಕ್ಕಕ್ಕೆ ಸರಿದು ನಿಂತರೆ ಬಾಗಿಲಕ್ಕ, ಎದುರಿಗೇ ನಿಂತರೆ ಪೈಲ್ವಾನ.

ಈ ಮೇಸ್ತ್ರಿಗೆ ನಿವೃತ್ತಿ ಹತ್ತಿರ ಬಂತು. ತನ್ನ ಜಾಗಕ್ಕೆ ಅವರು ಅವಳನ್ನು ಸೂಚಿಸಿದರು. ಸೂಪರ್‌ವೈಸರು ಬಹಳ ದಿನ ತಲೆ ಕೆರೆದುಕೊಂಡರು. ಕೊನೆಗೆ ಪೈಲ್ವಾನನೇ ಹೋಗಿ, ಅಕ್ಕ ಇದ್ದರೆ ನಾನು ಬದುಕಿರ್ತೀನಿ ಸಾರ್ ಎಂದು ಹೇಳಿದ ಮೇಲೆ ಒಪ್ಪಿದರು. ಆದರೆ ಮೇಸ್ತ್ರಿಯಾದವರು ಬೆಳಗಿನ ಪಾಳಿಗೆ ಬರಬೇಕು, ಮತ್ತು ಬೆಳಗಿನ ಪಾಳಿ ಶುರುವಾಗುವುದು ಕತ್ತಲಲ್ಲಿ, ಅವಳು ಮನೆಯಲ್ಲಿ ಹಿಟ್ಟು ಕಲಸುವ ಹೊತ್ತಿಗೆ.

ಅವಳಿಗೆ ಆ ಕೆಲಸ ಬೇಕಿತ್ತು. ಬಾಗಿಲು ಮೇಸ್ತ್ರಿ ಎಲ್ಲ ಪಿನ್ನು ನೋಡಿಕೊಂಡು ಬಂದು ಕೈ ಎತ್ತುವ ತನಕ ಅಷ್ಟುದ್ದದ ರೈಲು ಮಿಸುಕುವ ಹಾಗಿಲ್ಲ. ಮನೆಯಲ್ಲಿ ಅವಳು ಕೈ ಎತ್ತಿದರೆ ಅಟ್ಟದ ಮೇಲಿನ ಪಾತ್ರೆ ಇಳಿಸುತ್ತಿದ್ದಾಳೆ ಎಂದೇ ಅರ್ಥ.

ಮನೆಯಲ್ಲಿ ವಿಷಯ ಹೇಳಿದಳು. ಯಾರೂ ಬೇಡ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಗಂಡ ತನಗೆ ಬಹಳ ಸಂತೋಷವಾಯಿತು ಎಂದ, ಮಾಡು ಮಾಡು ಎಂದ, ಮನೆಯೊಂದು ಈಗಿನ ಹಾಗೇ ನಡೆದುಕೊಂಡು ಹೋದರೆ ಆಯ್ತು ಎಂದ. ಅತ್ತೆ ತನ್ನದೇನೂ ತಕರಾರಿಲ್ಲವೆಂದರು. ಬೆಳಿಗ್ಗೆ ಮಾತ್ರೆ ಕೊಡುವವರಿಲ್ಲದೆ ತಾನು ಒಂದು ದಿನ ಹಾಗೇ ಹೋಗಿಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳಬಾರದು ಅಷ್ಟೇ ಎಂದರು. ಬಾಗಿಲಕ್ಕನಿಗೆ ಅರ್ಥವಾಯಿತು. ಇಲ್ಲಿ ಬೀಗ ಹಾಕಿದವರು ಯಾರೂ ಇಲ್ಲ. ಎರಡು ಮೂಟೆ ಜಾರಿ ಬಂದು ಒರಗಿಕೊಂಡಿವೆ.

ಮಾರನೆಯ ದಿನ ಅವಳು ಉಳಿದಿದ್ದ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಮನೆಗೆ ಬಂದಳು.

"ನೀವು ಹೇಳಿದ್ದೇ ಸರಿ ಅತ್ತೆ," ಅಂದಳು. "ಮೇಸ್ತ್ರಿಕೆ ಬೇಡ. ಮೇಸ್ತ್ರಿಕೆ ಯಾಕೆ, ಆ ಕೆಲಸಾನೇ ಬೇಡ. ಇನ್ಮೇಲೆ ಮೂರು ಹೊತ್ತೂ ಮನೇಲೇ ಇರ್ತೀನಿ, ನಿಮ್ಮಿಬ್ಬರನ್ನೂ ನೋಡಿಕೊಂಡು."

ತಾವು ಹಾಗೆಂದು ಹೇಳಿದ್ದು ಯಾವಾಗ ಎಂದು ಅತ್ತೆಗೆ ನೆನಪಾಗಲಿಲ್ಲ. ಆದರೂ ಸೊಸೆ ತಲೆಬಾಗಿದಳಲ್ಲ ಎಂದು ಖುಷಿಯಾಯಿತು. ಆ ಖುಷಿ ಮಧ್ಯಾಹ್ನದವರೆಗೆ ಇತ್ತು.

ಮಧ್ಯಾಹ್ನ ಎದುರುಮನೆಯಾಕೆ ಬರುವ ವಾಡಿಕೆ. ಸೆರಗಿನಲ್ಲಿ ಏನಾದರೂ ಸಿಹಿ ಮುಚ್ಚಿಕೊಂಡು ಬರುತ್ತಿದ್ದರು. ಅತ್ತೆಗೆ ಸಕ್ಕರೆ ಕಾಯಿಲೆ. ಸಿಹಿ ಬಾಯಿಗೆ, ಸೊಸೆ ಮಾತಿಗೆ, ಹೀಗೆ ಸಂಜೆಯವರೆಗೆ ಹೊತ್ತು ಹೋಗುತ್ತಿತ್ತು. ಈಗ ಸೊಸೆ ಇಬ್ಬರ ನಡುವೆ ಚಾಪೆ ಹಾಸಿ ಕೂತಳು. ಸಿಹಿಯನ್ನು ನಗುನಗುತ್ತ ಇಸಿದುಕೊಂಡು ಅಟ್ಟಕ್ಕೇರಿಸಿದಳು. ಮಾತಿಗೆ ವಸ್ತುವೇ ಎದುರು ಬಂದು ಕೂತ ಮೇಲೆ ಮಾತಾಡುವುದೇನು? ಇಬ್ಬರೂ ಸೆಖೆಯ ಬಗ್ಗೆ ಮಾತಾಡಿದರು, ಆಮೇಲೆ ಸೊಳ್ಳೆಯ ಬಗ್ಗೆ, ಆಮೇಲೆ ಮತ್ತೆ ಸೆಖೆಯ ಬಗ್ಗೆ. ಎದುರುಮನೆಯಾಕೆ ಎರಡು ದಿನ ಬಂದರು, ಮೂರನೆಯ ದಿನ ಮೊಣಕಾಲು ನೋವು ಎಂದು ಹೇಳಿಕಳಿಸಿದರು.

ಗಂಡನ ಪಾಡು ಬೇರೆ. ಅವನು ತಿಂಗಳಲ್ಲಿ ಅನೇಕ ಮಧ್ಯಾಹ್ನ ಹೆಂಡತಿಗೆ ಹುಷಾರಿಲ್ಲ ಎಂದು ಮಾಲೀಕರಿಗೆ ಹೇಳಿ ಗೆಳೆಯನ ಅಂಗಡಿಯ ಹಿಂದೆ ಕೇರಂ ಆಡಲು ಹೋಗುತ್ತಿದ್ದ. ಬುತ್ತಿ ತಣ್ಣಗಾಗುವುದು ಬೇಡ ಎಂದು ಬಾಗಿಲಕ್ಕ ಬಿಸಿ ಊಟ ಹಿಡಿದುಕೊಂಡು ಅಂಗಡಿಗೇ ಹೋದಳು. ವ್ಯಾಗನ್ನಿನ ಹಿಡಿ ತಿರುಗಿಸುವ ಆ ತೋಳು, ಆ ನಡಿಗೆ ನೋಡಿ ಮಾಲೀಕರು ಕನ್ನಡಕ ಒರೆಸಿಕೊಂಡರು. ಮೈ ಹೇಗಿದೆಯಮ್ಮ ಈಗ ಎಂದು ಕೇಳಿದರು. ನನಗೇನಾಗಿದೆ ಸಾರ್, ಕಲ್ಲು ತಿಂದು ಕರಗಿಸ್ತೀನಿ ಎಂದಳು. ಗಂಡ ಆ ಹೊತ್ತಿಗೆ ಒಂದು ಬೀರಿನ ಬಾಗಿಲು ತೆರೆದು ಗಿರಾಕಿಗೆ ತೋರಿಸುತ್ತಿದ್ದ. ಅವನು ಅದರೊಳಕ್ಕೆ ತಲೆ ಹಾಕಿದವನು ಬಹಳ ಹೊತ್ತು ಹೊರಗೆ ತೆಗೆಯಲಿಲ್ಲ.

ವಾರ ಮುಗಿಯುವ ಮೊದಲು ತಾಯಿ ಮಗ ಇಬ್ಬರೂ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು. ಗಂಡ, ಇಷ್ಟು ಕೆಲಸ ಬಲ್ಲವಳು ಮನೆಯಲ್ಲಿ ಕೂತು ಕೊಳೆಯುವುದೇ ಎಂದ. ಅತ್ತೆ, ಹೆಣ್ಣು ಹೊರಗೆ ದುಡಿದರೇ ಮರ್ಯಾದೆ, ನಾನಂತೂ ಮೊದಲಿಂದ ಅದನ್ನೇ ಹೇಳುತ್ತಿದ್ದೆ ಎಂದರು. ಬಾಗಿಲಕ್ಕ ಸ್ವಲ್ಪ ಹಿಂಜರಿದಳು. ಅವರು ಇನ್ನೂ ಒತ್ತಾಯ ಮಾಡಿದರು. ಸರಿ, ನಿಮ್ಮ ಮಾತು ಮೀರುವುದುಂಟೇ ಎಂದು ಅವಳು ಎದ್ದಳು.

"ಹೋಗು, ಚೆನ್ನಾಗಿ ಕೆಲಸ ಮಾಡು," ಎಂದರು ಅತ್ತೆ, ಹಿಂದಿನಿಂದ. "ಬೆಳಗಿಂದೊಂದು ಮಾಡಿಟ್ಟು ಹೋಗ್ಬಿಡು. ಇನ್ನೊಂಚೂರು ಬೇಗ ಎದ್ದರೆ ಆಗೋಯ್ತು."

ಹಾಗೇ ಮಾಡಿದಳು. ಬೆಳಗಿನ ಪಾಳಿಗೆ ಮೊದಲು ಇನ್ನೊಂದು ಪಾಳಿ. ಅವಳು ಏಳುವ ಹೊತ್ತಿಗೆ ಬೀದಿನಾಯಿಗಳೂ ಮಲಗಿರುತ್ತಿದ್ದವು. ಪಾತ್ರೆ ಸದ್ದಿಗೆ ಒಂದೆರಡು ಎದ್ದು ಬೊಗಳಿ, ಇವಳೇ ಎಂದು ಗೊತ್ತಾಗಿ ಮತ್ತೆ ಮಲಗುತ್ತಿದ್ದವು. ಅದು ಹಳೆಯ ಮೇಸ್ತ್ರಿಯ ಕೊನೆಯ ವಾರ, ಅವಳ ಮೊದಲ ವಾರ. ಅವರು ಒಂದು ಖಾಲಿ ಎಣ್ಣೆಡಬ್ಬದ ಮೇಲೆ ಕೂತು ಬೀಡಿ ಸೇದುತ್ತ ನೋಡುತ್ತಿದ್ದರು, ಅವಳು ತೂಕಡಿಸುತ್ತ ರೈಲಿನುದ್ದಕ್ಕೂ ನಡೆಯುತ್ತಿದ್ದಳು. ಒಂದು ಬಾಗಿಲನ್ನು ಎರಡು ಸಲ ತಟ್ಟಿ ನೋಡಿದಳು. ಪೈಲ್ವಾನನಿಗೆ, ಊಟ ಮಾಡಿ ತಟ್ಟೆ ತೊಳೆದಿಡು ಎಂದಳು. ಅವನು ಊಟ ಎಲ್ಲಿ ಎಂದು ಸುತ್ತಮುತ್ತ ಹುಡುಕಿದ.

ಶನಿವಾರ ಅವಳು ಕೈ ಎತ್ತಿದಳು, ರೈಲು ಸಿಳ್ಳೆ ಹಾಕಿತು. ಬೆವರು ಒರೆಸಲು ಕರವಸ್ತ್ರಕ್ಕೆಂದು ಜೇಬಿಗೆ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಪಿನ್ನು. ಯಾವುದೋ ಒಂದು ಹಿಡಿಗೆ ಹಾಕಬೇಕಾದ ಪಿನ್ನು. ಓಡುವ ರೈಲಿನಲ್ಲಿ ಬಿಚ್ಚಿಕೊಂಡ ಬಾಗಿಲು ಪ್ಲಾಟ್‌ಫಾರಂ ಮೇಲೆ ನಿಂತವರನ್ನು ಹುಲ್ಲು ಸವರಿದಂತೆ ಸವರಿಕೊಂಡು ಹೋಗುತ್ತದೆ ಎಂದು ಆ ಶೆಡ್ಡಿನಲ್ಲಿ ತಿಳಿಯದವರಿಲ್ಲ. ಅವಳು ಕೂಗುತ್ತ ಎಂಜಿನ್ನಿನ ಕಡೆ ಓಡಿದಳು. ಯಾಕೆಂದು ತಿಳಿಯದಿದ್ದರೂ ಪೈಲ್ವಾನನೂ ಕೆಂಪು ಟವೆಲ್ಲು ಬೀಸುತ್ತ ಓಡಿದ. ರೈಲು ನಾಲ್ಕು ಮಾರು ಉರುಳಿ ನಿಂತಿತು. ಪಿನ್ನಿಲ್ಲದ ಹಿಡಿ ಹುಡುಕಿ, ಪಿನ್ನು ಹಾಕಿ, ಮುದ್ರೆ ಒತ್ತಿದ ಮೇಲೆ ಅವಳು ಉಳಿದ ಹಿಡಿಗಳನ್ನೂ ಒಂದೊಂದಾಗಿ ಜಗ್ಗಿ ನೋಡಿದಳು.

ಮೇಸ್ತ್ರಿ ಬೈಯಲಿಲ್ಲ. ಬೀಡಿ ಕೆಳಗೆ ಹಾಕಿ ತುಳಿದರು. "ನಾನು ಇಷ್ಟು ವರ್ಷ ಈ ಕೆಲಸ ಮಾಡಿದೆ, ಒಂದು ಪಿನ್ನೂ ಮರೆತಿಲ್ಲ," ಎಂದರು. ಕೂತಲ್ಲಿಂದ ಎದ್ದು, "ನಾನು ಎದ್ದು ಬರುವಾಗ ನನ್ನ ಹೆಂಡತಿ ಬಿಸಿನೀರು ಕಾಯಿಸಿಟ್ಟಿರ್ತಿದ್ದಳು ಅನ್ನು," ಎಂದರು. ಅದು ತನಗೇ ಈಗ ಹೊಳೆದ ಹಾಗೆ ಅವರು ಶೆಡ್ಡಿನ ಸೂರು ನೋಡುತ್ತ ನಿಂತರು.

ಭಾನುವಾರ ಸಂಜೆ ಬಾಗಿಲಕ್ಕ ಗಂಡನ ಎದುರು ನಿಂತಳು. ಈ ಸಲ ಒತ್ತುವ ಉಪಾಯ ಯಾವುದೂ ಮಾಡಲಿಲ್ಲ.

"ರೀ, ನಾಳೆಯಿಂದ ಬೆಳಗಿಂದು ನನ್ನದಲ್ಲ. ನಾನು ಮುಖ ತೊಳೆದು ಹೋಗ್ತೀನಿ, ಅಷ್ಟೇ. ಸಂಜೆಗೆ ನಾನು ನೋಡ್ಕೋತೀನಿ."

"ಹಂಗಂದ್ರೆ?" ಎಂದ ಗಂಡ. "ತಿಂಡಿ ಯಾರು ಮಾಡ್ತಾರೆ?"

"ಹಸಿವಾದವರು."

ಗಂಡ ನಕ್ಕ, ಅವಳು ನಗಲಿಲ್ಲ. ಅತ್ತೆ ಒಳಗಿನಿಂದ, ಅವಳು ಹಾಗೇ ತಮಾಷೆ ಮಾಡ್ತಾಳೆ ಬಿಡೋ ಎಂದರು. ಮಾತ್ರೆಯನ್ನು ಮಾತ್ರ ಅವಳು ಅತ್ತೆಯ ತಲೆದಿಂಬಿನ ಪಕ್ಕ ನೀರಿನ ಜೊತೆ ಇಟ್ಟಳು. ಸೋಮವಾರ ನಸುಕಿನಲ್ಲಿ ಮುಖ ತೊಳೆದು ಹೊರಟುಬಿಟ್ಟಳು. ಅಡುಗೆಮನೆಯ ಮುಂದೆ ಹಾದುಹೋಗುವಾಗ ಕಾಲು ತಾನಾಗಿ ಆ ಕಡೆ ತಿರುಗಿತು. ಬೀದಿಯ ಕಡೆಗೆ ತಿರುಗಿಸಹೋದರೆ ಅದು ಯಾವ ವ್ಯಾಗನ್ನಿನ ಹಿಡಿಗಿಂತಲೂ ಬಿಗಿಯಾಗಿತ್ತು.

ಬಿಸಿಲು ಏರುವ ಹೊತ್ತಿಗೆ ಅರ್ಧ ರೈಲು ಮುಗಿದಿತ್ತು. ಗೇಟಿನ ಕಾವಲುಗಾರ ಕಲ್ಲುಗಳ ಮೇಲೆ ಎಡವುತ್ತ ಬಂದು, ಅಕ್ಕಾ, ನಿಮ್ಮ ಯಜಮಾನರು ಬಂದಿದ್ದಾರೆ, ಕರೀತಿದ್ದಾರೆ ಎಂದ. ಕೈಯಲ್ಲಿ ಟವೆಲ್ಲು ಸುತ್ತಿದ್ದು ಏನೋ ಹಿಡಿದುಕೊಂಡಿದ್ದಾರಂತೆ. ಏನು ಎಂದರೆ, ಅವಳಿಗೇ ಹೇಳ್ತೀನಿ ಅಂದರಂತೆ. ಅತ್ತೆಯ ಮೈಗೇನಾದರೂ ಆಯಿತೇ ಎಂದು ಅವಳು ಮೊದಲು ಕೇಳಿದಳು. ಇಲ್ಲವಂತೆ, ಎದುರುಮನೇಲಿ ಟೀ ಕುಡೀತಾ ಕೂತಿದ್ದಾರಂತೆ. ಏನಾದರೂ ಸುಟ್ಟುಹೋಯಿತೇ? ಯಜಮಾನರ ಮುಖ ಮಾತ್ರ ಸ್ವಲ್ಪ ಕಪ್ಪಗಿತ್ತು ಎಂದ ಕಾವಲುಗಾರ. ಹೇಳಿದ್ದೀನಿ, ಇನ್ನು ನಿಮ್ಮಿಷ್ಟ ಎಂದು ಟೀ ಅಂಗಡಿಯ ಕಡೆ ಹೋದ. ಪೈಲ್ವಾನ ರೈಲಿನ ಆಚೆ ಬದಿಗಿದ್ದ. ಈಚೆ ಅವಳೊಬ್ಬಳೇ.

ದೂರದಲ್ಲಿ ಗೇಟಿನ ಸರಳುಗಳ ಹಿಂದೆ ಗಂಡ ಕಾಣಿಸಿದ. ಎದೆಗವುಚಿಕೊಂಡ ಗುಂಡನೆಯದೊಂದು ಗಂಟು. ಮುಚ್ಚಳ ಕಚ್ಚಿಕೊಂಡ ಕುಕ್ಕರ್ ಇರಬಹುದು, ತೆಗೆದುಕೊಡು ಎಂದು ಬಂದಿರಬಹುದು. ಅಥವಾ ತಾನೇ ಮಾಡಿದ ತಿಂಡಿ ಇರಬಹುದು, ಅವಳಿಗೆಂದು ಕಟ್ಟಿಕೊಂಡು ಬಂದಿರಬಹುದು. ಹದಿನೈದು ವರ್ಷದ ಸಂಸಾರದಲ್ಲಿ ಎರಡನೆಯದು ಒಮ್ಮೆಯೂ ಆಗಿರಲಿಲ್ಲ. ಆಗಬಾರದೆಂದೇನೂ ಇರಲಿಲ್ಲ. ಕುಕ್ಕರ್ ಆದರೆ ಹೋಗಿ ತೆಗೆಯಬೇಕು, ತಿಂಡಿಯಾದರೆ ಅಲ್ಲೇ ನಿಂತು ತಿಂದು ಹೊಗಳಬೇಕು. ಎರಡಕ್ಕೂ ಹೊತ್ತು ಒಂದೇ ಹಿಡಿಯುತ್ತದೆ. ಅವನು ಅವಳನ್ನು ಕಂಡು ಗಂಟನ್ನು ಮೇಲೆತ್ತಿ ತೋರಿಸಿದ. ಇಷ್ಟು ದೂರದಿಂದ ಅದರಿಂದ ಆವಿ ಏಳುತ್ತಿದೆಯೋ ಇಲ್ಲವೋ ಗೊತ್ತಾಗುವಂತಿರಲಿಲ್ಲ.

ಅವಳು ಹಣೆಗೆ ಕೈ ಅಡ್ಡ ಹಿಡಿದು ಒಂದು ಗಳಿಗೆ ನೋಡಿದಳು. ಆಮೇಲೆ ಅಂಗೈಯನ್ನು ಕೆಳಕ್ಕೆ ಒತ್ತಿ, ಕೂತಿರಿ ಎಂದು ಸನ್ನೆ ಮಾಡಿದಳು. ಅವನು ಆಚೆ ಈಚೆ ನೋಡಿ, ಬೇರೆ ಜಾಗ ಕಾಣದೆ, ಕಾವಲುಗಾರನ ಸ್ಟೂಲಿನ ಮೇಲೆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತ. ಬಾಗಿಲಕ್ಕ ಹಾರೆಯನ್ನು ಹೆಗಲಿಗೇರಿಸಿ ಮುಂದಿನ ವ್ಯಾಗನ್ನಿನತ್ತ ನಡೆದಳು.