ಅಕ್ಕಲಕೋಟೆಯಲ್ಲಿ ಕೇಳಿದ ‘ಆತ’

ಹೋದ ವಾರ ಇಬ್ಬರು ಗೃಹಸ್ಥರು ನಮ್ಮ ಮನೆಗೆ ಬಂದು, ನನ್ನ ಹೆಗಲಿಗೆ ಹೊಸ ಟಾವೆಲ್ಲೊಂದನ್ನು ಹೊದಿಸಿ, ಕೈಗೆ ತೆಂಗಿನಕಾಯಿಯನ್ನೂ ಒಂದು ಪುಸ್ತಿಕೆಯನ್ನೂ ಕೊಟ್ಟು ಹೋದರು. ಅವರು ಹೋದ ಮೇಲೆ ಟಾವೆಲ್ಲಿನ ಮಡಿಕೆ ಬಿಚ್ಚಿದೆ. ಗಂಜಿಯ ವಾಸನೆ ಬಂತು. ನೂಲಿಗೆ ಹಚ್ಚಿದ, ಇನ್ನೂ ನೀರು ಕಾಣದ ಗಂಜಿಯ ಆ ತೆಳುವಾದ ಹುಳಿ ವಾಸನೆ... ಸೊಲ್ಲಾಪುರದವರಿಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ನನಗೆ ಮಾತ್ರ ಆ ವಾಸನೆಗೊಂದು ಮುಖವಿದೆ. ಅರುವತ್ತು ವರ್ಷಗಳ ಹಿಂದೆ ನಮ್ಮ ಎದುರು ಮನೆಯಲ್ಲಿದ್ದ ಹೆಂಗಸಿನ ಸೆರಗಿನಲ್ಲಿ, ಬೆರಳುಗಳಲ್ಲಿ, ಆಕೆ ತಟ್ಟಿದ ಜೋಳದ ರೊಟ್ಟಿಯಲ್ಲಿಯೂ ಅದೇ ವಾಸನೆ ಇರುತ್ತಿತ್ತು.

ಪುಸ್ತಿಕೆ ಆಕೆಯದೇ ಚರಿತ್ರೆ. ಹಳೆಯ ಓಣಿಯಲ್ಲಿ ಆಕೆಯ ಹೆಸರಿನಲ್ಲಿ ಒಂದು ಕಟ್ಟೆ ಕಟ್ಟಿದ್ದಾರೆ. ಆ ಕಟ್ಟೆಯ ಮಂಡಳಿಯವರು ಇದನ್ನು ಮರಾಠಿಯಲ್ಲಿ ಅಚ್ಚು ಹಾಕಿಸಿದ್ದಾರೆ. ಅದರ ಪ್ರಕಾರ ಆಕೆ ‘ಮಾತಾ’. ಸಕಲ ಕ್ಷೇತ್ರಗಳನ್ನೂ ಸುತ್ತಿ, ಎಲ್ಲಿಯೂ ದೇವರನ್ನು ಕಾಣದೆ, ಕೊನೆಗೆ ಅಕ್ಕಲಕೋಟೆಯಲ್ಲಿ ಸಾಕ್ಷಾತ್ಕಾರವನ್ನು ಪಡೆದು, ‘ತೋ ಆತ ಆಹೇ’, ಅಂದರೆ ‘ಅವನು ಒಳಗಿದ್ದಾನೆ’ ಎಂದು ಲೋಕಕ್ಕೆ ಸಾರಿ, ನಗುನಗುತ್ತ ದೇಹ ಬಿಟ್ಟಳಂತೆ. ಆಕೆಯನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ. ಆದ್ದರಿಂದ ವಾರ್ಷಿಕ ಉತ್ಸವಕ್ಕೆ ಬಂದು ಇದು ನಿಜವೆಂದು ನಾನು ನಾಲ್ಕು ಮಾತಾಡಬೇಕು. ಮರಾಠಿಯಲ್ಲಿ ಆಡಿದರೆ ಹುಡುಗರಿಗೆ ತಿಳಿಯುತ್ತದೆ ಎಂದೂ ಹೇಳಿದರು.

ಅಚ್ಚಾದದ್ದನ್ನೆಲ್ಲ ನಂಬುವ ಸ್ವಭಾವ ನನ್ನದಲ್ಲ. ಎರಡನೆಯ ಇಯತ್ತೆಗೆ ಶಾಲೆ ಬಿಡಿಸಿಕೊಂಡು, ಹದಿನಾಲ್ಕಕ್ಕೆ ಸೊಸೆಯಾಗಿ ಆ ಓಣಿಗೆ ಬಂದವಳು ನಾನು. ನೂಲಿನ ಗಂಟುಗಳಿಗೆ ಸುತ್ತಿ ಬರುತ್ತಿದ್ದ ಮರಾಠಿ ಪತ್ರಿಕೆಯ ಹಾಳೆಗಳನ್ನು ಬಿಡಿಸಿ ಬಿಡಿಸಿ ಓದಲು ಕಲಿತೆ. ಹಾಗೆ ಕಲಿತ ವಿದ್ಯೆಯ ಮೇಲೆ ನನಗಿದ್ದ ಅಭಿಮಾನವೇ ಈ ಕಥೆಯಲ್ಲಿ ಮಾಡಬಾರದ್ದನ್ನು ಮಾಡಿದ್ದು. ಪುಸ್ತಿಕೆಯಲ್ಲಿ ಆಕೆಯ ಹೆಸರಿದೆ, ನಾನು ಬರೆಯುವುದಿಲ್ಲ. ನನಗೆ ಆಕೆ ಚಿಗವ್ವ.

ಇಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಓಣಿಯ ಮನೆಮನೆಯಲ್ಲೂ ಕೈಮಗ್ಗ. ಚಿಗವ್ವ ಮಗ್ಗದವರಿಗೆ ರಾಟಿಯ ಮೇಲೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಅಕ್ಕಲಕೋಟೆ ಸೀಮೆಯ ತಡವಳ ಆಕೆಯ ತವರು. ಗಂಡ ಒಳ್ಳೆಯ ನೇಕಾರನಂತೆ, ನಾನು ಕಂಡಿಲ್ಲ. ನಾನು ಬರುವುದಕ್ಕೆ ಎರಡು ವರ್ಷ ಮೊದಲು, “ದೇವರ ಮಾರಿ ನೋಡೇ ಬರತೀನಿ” ಎಂದು ಆತ ಪಂಢರಪುರಕ್ಕೆ ಭಜನೆ ಮಾಡುತ್ತ ಹೊರಟ ಯಾತ್ರಿಕರ ದಿಂಡಿಯ ಜೊತೆ ಮಗ್ಗದಿಂದ ಎದ್ದು ಹೋದ. ದಿಂಡಿ ತಿರುಗಿ ಬಂತು. ಆತ ಬರಲಿಲ್ಲ.

ಗಂಡನ ಹೆಸರನ್ನು ಬಾಯಿಂದ ಆಡಬಾರದೆಂಬುದು ಆಗಿನ ಹೆಂಗಸರ ಕಟ್ಟುಪಾಡು. ಚಿಗವ್ವನಿಗೆ ಆತ ಬರಿಯ ‘ಆತ’. ದಿನವೂ ಸಂಜೆ ಆಕೆ ಎರಡು ರೊಟ್ಟಿ ತಟ್ಟುವಳು. ಒಂದನ್ನು ತಾನು ಉಂಡು, ಇನ್ನೊಂದನ್ನು ಹಿತ್ತಾಳೆಯ ಬೋಗುಣಿಯ ಕೆಳಗೆ ಮುಚ್ಚಿಡುವಳು. ಯಾರಾದರೂ ನೋಡಿದರೆ, “ಆತ ಬಂದ್ರ?” ಎನ್ನುವಳು. ಬೆಳಿಗ್ಗೆ ಆ ತಂಗಳ ರೊಟ್ಟಿಯೇ ಆಕೆಯ ನಾಷ್ಟಾ.

ಸಕಲ ಕ್ಷೇತ್ರಗಳನ್ನು ಸುತ್ತಿದಳೆಂಬ ಮಾತು ನಿಜ. ಆದರೆ ಯಾಕೆ ಸುತ್ತಿದಳೆಂಬುದು ಪುಸ್ತಿಕೆಯಲ್ಲಿಲ್ಲ. ಆತನನ್ನು ಪಂಢರಪುರದಲ್ಲಿ ಕಂಡೆ ಎಂದು ಒಬ್ಬರು ಹೇಳಿದರೆ ಅಲ್ಲಿಗೆ ಹೋಗುವಳು; ತುಳಜಾಪುರದಲ್ಲಿ ಕಂಡೆ ಎಂದರೆ ಅಲ್ಲಿಗೆ; ಗಾಣಗಾಪುರ ಎಂದರೆ ಅಲ್ಲಿಗೂ. ಪಂಢರಪುರದ ಗುಡಿಯಲ್ಲಿ ಆಕೆ ವಿಠ್ಠಲನಿಗೆ ಬೆನ್ನು ತಿರುಗಿಸಿ, ಸಾಲಿನಲ್ಲಿ ಬರುವವರ ಮುಖಗಳನ್ನೇ ನೋಡುತ್ತ ನಿಂತು, ಪೂಜಾರಿಯಿಂದ ಬೈಸಿಕೊಂಡಳಂತೆ. ಹಿಂದಿರುಗಿದಾಗ ಮೂಲೆಮನೆಯ ಅಜ್ಜಿ ಕೆಣಕಿದಳು:

“ಇಷ್ಟೊಂದು ದೇವರು ಮಾಡಿ ಬಂದೀದಿ, ನಮಗೂ ಒಂದೀಟು ಪುಣ್ಯಾ ಹಂಚ ಯವ್ವಾ.”

“ದೇವರ ಮಾರಿ ಯಾರ ನೋಡ್ಯಾರ್ರಿ ಆಯಿ? ನಾ ಮಂದೀ ಮಾರಿ ನೋಡಿ ಬಂದೀನಿ.”

ಅಜ್ಜಿ ಇದನ್ನೂ ದೊಡ್ಡ ಅಧ್ಯಾತ್ಮವೆಂದು ತಿಳಿದು ತಲೆದೂಗಿದಳು. ಓಣಿಯಲ್ಲಿ ತಪ್ಪು ಕಥೆ ಹುಟ್ಟಿದ್ದು ಅಲ್ಲಿಂದಲೇ ಇರಬೇಕು.

ಮರುವರ್ಷ ತಡವಳದಿಂದ ಬಂದ ಒಬ್ಬ ಬಂಧು, ಅಕ್ಕಲಕೋಟೆಯ ಮಠವೊಂದರ ಅಂಗಳದಲ್ಲಿ ಜಡೆಬಿಟ್ಟ ಒಬ್ಬನನ್ನು ಕಂಡೆ, ನಡಿಗೆ ಥೇಟು ಅವನದೇ ಎಂದು ಹೇಳಿಹೋದ. ಚಿಗವ್ವ ಜೊತೆಗೆ ನನ್ನನ್ನು ಕರೆದಳು. ದೇವರ ಕಾರ್ಯವೆಂದು ನಮ್ಮ ಅತ್ತೆ ಒಪ್ಪಿದರು. ರೈಲಿನಲ್ಲಿ ಅಕ್ಕಲಕೋಟೆ ರೋಡ್ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಟಾಂಗಾದಲ್ಲಿ ಊರು ಸೇರಿದೆವು. ಆಕೆಯ ಮಡಿಲಿನಲ್ಲಿ ಒಂದೇ ರೊಟ್ಟಿಯ ಗಂಟು.

ಮಠದಲ್ಲಿ ಗುರುವಾರದ ಗದ್ದಲ. ಎಳೆಯ ಸೊಸೆ ಗಂಡಸರ ಮುಂದೆ ಮಾತಾಡಬಾರದೆಂದು ನನ್ನನ್ನು ಮರದ ಕೆಳಗೆ ಕೂರಿಸಿ, ಚಿಗವ್ವ ತಾನೇ ಬಾಗಿಲು ಕಾಯುವವನ ಬಳಿಗೆ ಹೋದಳು. ಅವನು ಪುಣೆಯ ಕಡೆಯವನಿರಬೇಕು. ಅಕ್ಕಲಕೋಟೆಯವನಾಗಿದ್ದರೆ ಕನ್ನಡ ತಿಳಿಯುತ್ತಿತ್ತು, ಮುಂದಿನ ಅನಾಹುತ ಆಗುತ್ತಲೇ ಇರಲಿಲ್ಲ. ಹೆಸರು ಆಡುವಂತಿಲ್ಲ. ಆಕೆ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಕೇಳಿದಳು: “ಆತ ಆಹೇ ಕಾ?”

ಆತ ಇದ್ದಾನೆಯೇ ಎಂದು ಆಕೆ ಕೇಳಿದ್ದು. ಮರಾಠಿಯಲ್ಲಿ ‘ಆತ’ ಎಂದರೆ ‘ಒಳಗೆ’. ಮಠದ ಸ್ವಾಮಿಗಳ ಸಮಾಧಿ ಒಳಗಿದೆಯೇ ಎಂದು ಆಕೆ ಕೇಳಿದಳೆಂದು ಅವನು ತಿಳಿದ. ಕೈ ಬೀಸಿ, “ಆಹೇ ನಾ! ಆತ ಆಹೇ. ಜಾ, ಜಾ” ಎಂದ.

ಆಕೆ ನನ್ನ ಬಳಿಗೆ ಓಡಿ ಬಂದಳು. ಚಿಗವ್ವ ಓಡಿದ್ದನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

“ಅದಾನಂತ, ತಂಗಿ! ಆತ ಅದಾನಂತ! ನನ್ನ ಮಾರಿ ನೋಡು, ಧೂಳಾಗೇತೇನ?”

ತಂಬಿಗೆಯ ನೀರಿನಿಂದ ಮುಖ ತೊಳೆದಳು. ಸೆರಗಿನಿಂದ ಒರೆಸಿ, ಕುಂಕುಮ ತಿದ್ದಿಸಿಕೊಂಡಳು. ರೊಟ್ಟಿಯ ಗಂಟು ಹಿಡಿದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಹೊರಬಂದು ಮತ್ತೆ ಅವನನ್ನು ಕೇಳಿದಳು. ಅವನು ಮತ್ತೆ ಅದನ್ನೇ ಹೇಳಿದ. ಮತ್ತೆ ಹೋದಳು. ಮೂರನೆಯ ಸಲ ಹೊರಬಂದವಳು ಅಲ್ಲೇ ಹೊಸ್ತಿಲ ಪಕ್ಕ, ಒಳಗಿನಿಂದ ಬರುವ ಒಂದೊಂದು ಮುಖವನ್ನೂ ನೋಡುತ್ತ ಕುಳಿತುಬಿಟ್ಟಳು. ಕಟ್ಟುಪಾಡು ಮರೆತು ನಾನೇ ಹೋಗಿ ಆ ಮನುಷ್ಯನನ್ನು ಮರಾಠಿಯಲ್ಲಿ ವಿಚಾರಿಸಿದೆ. ಗುಟ್ಟು ತಿಳಿಯಿತು.

ಸೊಲ್ಲಾಪುರದಲ್ಲಿ ಅಷ್ಟು ವರ್ಷ ಬಾಳಿದವಳಿಗೆ ಆ ಮರಾಠಿ ಮಾತು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆ ಹೊತ್ತಿನಲ್ಲಿ ಆಕೆಯ ಕಿವಿಗೆ ಬೇರೆ ಅರ್ಥ ಬೇಕಾಗಿರಲಿಲ್ಲ, ಅಷ್ಟೇ. ಅದನ್ನು ಅಲ್ಲಿಗೇ ಬಿಟ್ಟಿದ್ದರೆ, ಸಂಜೆಯ ಹೊತ್ತಿಗೆ ಆಕೆ ತಾನಾಗಿಯೇ ತಿಳಿದುಕೊಂಡು ಏಳುತ್ತಿದ್ದಳೋ ಏನೋ... ನಾನು ಬಿಡಲಿಲ್ಲ. ಹಾಳೆಯ ಮೇಲಿನ ತಪ್ಪಕ್ಷರವನ್ನು ತಿದ್ದುವಂತೆ ಹೇಳಿದೆ:

“ಅದು ಮರಾಠಿ, ಚಿಗವ್ವ. ಅಂವ ಒಳಗ ಅಂತ ಹೇಳ್ಯಾನ. ಆತ ಅಂತಲ್ಲ.”

“ಒಳಗ ಅಂದನೇನ?”

“ಹೂಂ.”

“ಯಾತರ ಒಳಗ?”

“ಗುಡಿ ಒಳಗ.”

“ಗುಡಿ ಒಳಗ ಮೂರ ಸಲ ನೋಡಿ ಬಂದ್ನಲ್ಲ,” ಎಂದಳು. “ಇಲ್ಲ.”

ಬಿಚ್ಚಿದ್ದ ಗಂಟನ್ನು ಮತ್ತೆ ಕಟ್ಟಿದಳು. ಅಳಲಿಲ್ಲ. ರೈಲಿನಲ್ಲಿ ಕಿಟಕಿಯ ಆಚೆ ಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಸೊಲ್ಲಾಪುರ ಹತ್ತಿರವಾದಾಗ ಒಂದೇ ಒಂದು ಮಾತು ಕೇಳಿದಳು: “ಯಾತರ ಒಳಗ ಅಂತ ಅಂವ ಬಿಡಿಸಿ ಹೇಳಲಿಲ್ಲಲ್ಲ, ತಂಗಿ?”

ಹೇಳಲಿಲ್ಲ ಎಂದೆ.

ಅದಾಗಿ ಒಂದು ತಿಂಗಳು ಕಳೆದಿರಬಹುದು. ಸಂಜೆ ಆಕೆಯ ಮನೆಗೆ ಹೋದಾಗ ಹಿತ್ತಾಳೆಯ ಬೋಗುಣಿ ಗೂಟಕ್ಕೆ ತೂಗುಹಾಕಿತ್ತು. ತಟ್ಟಿದ್ದು ಒಂದೇ ರೊಟ್ಟಿ. ಆತನ ರೊಟ್ಟಿ ಎಲ್ಲಿ ಎಂದು ಕೇಳಿದೆ.

“ನಾ ಉಂಡೆನಲ್ಲ. ಆತ ಎಲ್ಲಿ ಬ್ಯಾರೆ ಕೂತು ಉಣತಾನ?”

ಎದೆಯ ಮೇಲೆ ಅಂಗೈಯಿಟ್ಟುಕೊಂಡು ಹಾಗೆಂದಳು, ಬಚ್ಚಲು ಎಲ್ಲಿದೆ ಎಂದು ತೋರಿಸುವಷ್ಟು ಸಹಜವಾಗಿ. ಮತ್ತೆ ಯಾವ ಕ್ಷೇತ್ರಕ್ಕೂ ಹೋಗಲಿಲ್ಲ. ಪಂಢರಪುರಕ್ಕೆ ಹೊರಟವರು ಕರೆದರೆ, “ನೀವು ಹೋಗಿ ಬರ್ರಿ. ಆತ ಆತ ಅದಾನ” ಎನ್ನುವಳು. ಒಂದು ‘ಆತ’ ಕನ್ನಡದ್ದು, ಇನ್ನೊಂದು ನಾನು ತಿದ್ದಿಕೊಟ್ಟ ಮರಾಠಿಯದು. ಆತ ಒಳಗಿದ್ದಾನೆ. ರಾಟಿ ತಿರುಗಿಸುತ್ತ ಕಣ್ಣು ಮುಚ್ಚಿರುತ್ತಿದ್ದಳು. ಕೆಲವೊಮ್ಮೆ ರಾಟಿ ನಿಂತರೂ ಆಕೆಗೆ ತಿಳಿಯುತ್ತಿರಲಿಲ್ಲ. ಆ ಹೊತ್ತಿನ ಮುಖವನ್ನು ವರ್ಣಿಸಲು ನನ್ನಲ್ಲಿ ಶಬ್ದಗಳಿಲ್ಲ. ಕಾಯುವವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಅದು ಕಾಯುವವರ ಮುಖವಾಗಿರಲಿಲ್ಲ.

ಜನ ಬರತೊಡಗಿದರು. ಕಾಲಿಗೆ ಬೀಳಹೋದರೆ, “ಕಾಲು ಬಿಡ್ರಿ, ನೂಲು ತುಳೀತೀರಿ” ಎಂದು ಗದರುವಳು. ಆಕೆ ಹೇಳುವುದು ದೇವರ ಮಾತಲ್ಲ, ಗಂಡನ ಮಾತು ಎಂದು ನಾನು ಓಣಿಯಲ್ಲಿ ಹಟ ಹಿಡಿದು ವಾದಿಸಿದೆ. ಮೂಲೆಮನೆಯ ಅಜ್ಜಿ ನನ್ನ ಬಾಯಿ ಮುಚ್ಚಿಸಿದಳು: “ಎರಡ ಅಕ್ಷರ ಕಲತು ಭಾಳ ಶಾಣ್ಯಾಕಿ ಆಗೀದಿ. ಆಕಿ ಮಾರಿ ನೋಡು, ಆಮ್ಯಾಲ ಮಾತಾಡು.”

ಏಳು ವರ್ಷ ಹೀಗೆ ನಡೆಯಿತು. ಆಮೇಲೆ ಹತ್ತಿಯ ಧೂಳು ಎದೆಗೆ ಇಳಿದು ಚಿಗವ್ವ ಹಾಸಿಗೆ ಹಿಡಿದಳು. ನಾನು ಅಲ್ಲಿಯೇ ಇರುತ್ತಿದ್ದೆ. ಒಂದು ಮಧ್ಯಾಹ್ನ ಕೆಮ್ಮು ಸ್ವಲ್ಪ ಇಳಿದಿತ್ತು. ಅಂಗೈ ಎದೆಯ ಮೇಲೆಯೇ ಇತ್ತು. ಇನ್ನು ಕೇಳದಿದ್ದರೆ ಎಂದಿಗೂ ತಿಳಿಯದೆಂದು, ನನ್ನ ಹಟಕ್ಕೆ ಕೇಳಿದೆ:

“ಚಿಗವ್ವ, ಖರೆ ಹೇಳು. ಆತ ಅಂದ್ರ ಯಾರು? ದೇವರೋ, ಕಾಕಾನೋ?”

ಆಕೆಯ ಕಣ್ಣಿನಲ್ಲಿ ಹಳೆಯ ಕುಚೋದ್ಯ ಮಿನುಗಿತು. “ಮರಾಠಿ ಬರೂದು ನಿನಗ. ನೀನ ಹೇಳು.”

ಆ ಮಾತು ನನಗೆ ನಾಟಿತು. ಅಕ್ಕಲಕೋಟೆಯ ಮರದ ಕೆಳಗೆ ಮುಖ ತೊಳೆದುಕೊಂಡ ಚಿಗವ್ವ ಕಣ್ಣೆದುರಿಗೆ ಬಂದಳು. ಆ ಸಂತೋಷವನ್ನು ಕಸಿದವಳು ನಾನಲ್ಲವೇ, ಹೋಗುವ ಮುನ್ನ ಹಿಂದಿರುಗಿಸಿಬಿಡೋಣ ಎನ್ನಿಸಿತು. ಸುಳ್ಳನ್ನು ಕಂಡರಾಗದ ನಾನು, ಬುದ್ಧಿಪೂರ್ವಕವಾಗಿ ಹೇಳಿದ ಸುಳ್ಳು ಅದೊಂದೇ.

“ಆವತ್ತ ನಾ ತಪ್ಪ ಹೇಳಿದ್ದೆ, ಚಿಗವ್ವ. ನನಗ ಆಗ ಮರಾಠಿ ಪೂರಾ ಎಲ್ಲಿ ಬರತಿತ್ತು? ಆತ ಅದಾನ ಅಂತನ ಅಂವ ಹೇಳಿದ್ದ. ಕಾಕಾ ಖರೇನ ಅಲ್ಲಿದ್ರು.”

 ಆಕೆಯ ಎದೆಯ ಮೇಲಿನ ಕೈ ಮೆಲ್ಲನೆ ಜಾರಿ ಚಾಪೆಯ ಮೇಲೆ ಬಂತು.

“ಹೌದೇನ?” ಎಂದಳು. “ಹಂಗಿದ್ರ ಆವತ್ತ ನಾ ಎದ್ದ ಬರಬಾರದಿತ್ತಲ್ಲ, ತಂಗಿ...”

ಇಲ್ಲ, ಹಾಗಲ್ಲ, ಸಮಾಧಾನಕ್ಕೆಂದು ಹೇಳಿದೆ ಎಂದು ನಾನು ಗೋಗರೆದೆ. ಎರಡು ಸಲ ಮಾತು ಬದಲಿಸಿದವಳನ್ನು ಮೂರನೆಯ ಸಲ ಯಾರು ನಂಬುತ್ತಾರೆ? ಆಕೆ ಬಾಗಿಲ ಕಡೆಗೆ ಮುಖ ತಿರುಗಿಸಿದಳು. ಸಂಜೆ ನಾನು ಒಲೆ ಹೊತ್ತಿಸಿದಾಗ ಕ್ಷೀಣವಾಗಿ ಹೇಳಿದಳು: “ಒಂದ ರೊಟ್ಟಿ ತಗದಿಡು. ಆತ ಬಂದ್ರ?”

ಏಳು ವರ್ಷ ಗೂಟದಲ್ಲಿದ್ದ ಬೋಗುಣಿಯನ್ನು ನಾನೇ ಇಳಿಸಿ, ತೊಳೆದು, ರೊಟ್ಟಿಯ ಮೇಲೆ ಮುಚ್ಚಿದೆ. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ಚಿಗವ್ವ ಇರಲಿಲ್ಲ. ಕಣ್ಣುಗಳು ಬಾಗಿಲ ಮೇಲಿದ್ದವು. ಅದು ಮತ್ತೆ ಕಾಯುವವರ ಮುಖವೇ ಆಗಿತ್ತು.

ನಗುನಗುತ್ತ ದೇಹ ಬಿಟ್ಟಳೆಂದು ಪುಸ್ತಿಕೆ ಹೇಳುತ್ತದೆ. ಸುಳ್ಳು. ಆದರೆ ಆಕೆ ಗಂಡನನ್ನಷ್ಟೇ ನೆನೆದಳು, ದೇವರನ್ನಲ್ಲ ಎಂದು ಓಣಿಯ ತುಂಬ ನಾನು ಸಾಧಿಸಿದ್ದು ಮಾತ್ರ ನಿಜವೇ? ಆ ಏಳು ವರ್ಷ ಆಕೆಯೊಳಗೆ ಇದ್ದದ್ದು ಯಾರೆಂದು ನನಗೆ ತಿಳಿಯದು. ಯಾರೋ ಇದ್ದುದಂತೂ ಖಂಡಿತ. ಇದ್ದವರನ್ನು ನಾನು ಒಂದು ಮಧ್ಯಾಹ್ನ ಎಬ್ಬಿಸಿ ಮತ್ತೆ ಅಕ್ಕಲಕೋಟೆಗೆ ಕಳಿಸಿಬಿಟ್ಟೆ...

ಮಂಡಳಿಯವರು ನಾಳೆ ಉತ್ತರ ಕೇಳಲು ಬರುತ್ತಾರೆ. ಇದನ್ನೆಲ್ಲ ಮರಾಠಿಯಲ್ಲಿ ಹೇಳಲಾದೀತೇ ಎಂದು ಎರಡು ದಿನ ನೋಡಿದೆ. ಆಗಲಿಲ್ಲ, ಅಲ್ಲಿ ‘ಆತ’ಕ್ಕೆ ಒಂದೇ ಅರ್ಥ. ಆದ್ದರಿಂದ ಕನ್ನಡದಲ್ಲಿ ಬರೆದಿದ್ದೇನೆ. ಓಣಿಯ ಹುಡುಗರು ಓದಲಾರರು.

ಟಾವೆಲ್ಲನ್ನು ನೀರಿಗೆ ಹಾಕಲೇ ಎಂದು ಸೊಸೆ ಮತ್ತೆ ಕೇಳಿದಳು. ಇರಲಿ ಎಂದೆ. ಒಂದು ಸಲ ಒಗೆದರೆ ಗಂಜಿಯ ವಾಸನೆ ಹೋಗಿಬಿಡುತ್ತದೆ.